ಗೆಳೆಯರ ಜೊತೆ ಬರ್ಬನ್ ರುಚಿ ನೋಡುವುದು ಆರೋಗ್ಯಕ್ಕೆ, ಸ್ನೇಹಕ್ಕೆ ಒಳ್ಳೆಯದೇ? 5 ನಂಬಿಕೆಗಳ ಹಿಂದಿನ ನಿಜ

ಬರ್ಬನ್ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಚಾಕೊಲೇಟ್ ಕ್ರೀಮ್ ಬಿಸ್ಕೆಟ್. ಅದರಲ್ಲಿ ಮದ್ಯ ಇರುವುದಿಲ್ಲ. ಈ ಲೇಖನ ಅಮೆರಿಕದ ಬರ್ಬನ್ ವಿಸ್ಕಿಯ ಬಗ್ಗೆ.

ಅಮೆರಿಕದಲ್ಲಿ ಬರ್ಬನ್ ಪ್ರಿಯ ಗೆಳೆಯರು ಒಂದೊಂದು ಬಾಟಲಿ ತಂದು ಕೂಡುತ್ತಾರೆ. ಎಲ್ಲದರಿಂದ ಸ್ವಲ್ಪ ಸ್ವಲ್ಪ ಸುರಿದು, ಮೂಸಿ, ಗುಟುಕರಿಸಿ, ಯಾವುದು ಯಾವುದೆಂದು ಊಹಿಸುತ್ತಾರೆ. ಈ ಹವ್ಯಾಸದ ಸುತ್ತ ಹಲವು ನಂಬಿಕೆಗಳಿವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಕೆಂಟಕಿಯಲ್ಲಿ ತಯಾರಾದರೆ ಮಾತ್ರ ಬರ್ಬನ್

ತಪ್ಪು. ಬರ್ಬನ್‌ನ ಬಹುಪಾಲು ಕೆಂಟಕಿ ರಾಜ್ಯದಿಂದಲೇ ಬರುತ್ತದೆ, ನಿಜ. ಆದರೆ ಅಮೆರಿಕದ ಯಾವ ರಾಜ್ಯದಲ್ಲಾದರೂ ತಯಾರಿಸಬಹುದು. 1964ರಲ್ಲಿ ಅಲ್ಲಿನ ಸಂಸತ್ತು ಇದನ್ನು ಅಮೆರಿಕದ ವಿಶಿಷ್ಟ ಉತ್ಪನ್ನ ಎಂದು ಘೋಷಿಸಿತು. ನಿಯಮ ಇಷ್ಟು: ಬಳಸುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಒಳಭಾಗ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಾಟಲಿಯಲ್ಲಿ ಆಲ್ಕೋಹಾಲ್ ಕನಿಷ್ಠ 40% ಇರಬೇಕು. ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. ವೆನಿಲ್ಲಾ, ಕ್ಯಾರಮೆಲ್‌ನಂಥ ಪರಿಮಳಗಳು ಮುಖ್ಯವಾಗಿ ಬರುವುದು ಸುಟ್ಟ ಮರದಿಂದ.

ನಂಬಿಕೆ 2: ಹಳೆಯದಾದಷ್ಟೂ, ದುಬಾರಿಯಾದಷ್ಟೂ ರುಚಿ ಹೆಚ್ಚು

ಹಾಗೇನಿಲ್ಲ. ಪೀಪಾಯಿಯಲ್ಲಿ ಅತಿ ಹೆಚ್ಚು ಕಾಲ ಇದ್ದರೆ ಮರದ ಒಗರು, ಕಹಿ ಉಳಿದೆಲ್ಲ ರುಚಿಯನ್ನು ಮುಚ್ಚಿಬಿಡಬಹುದು. ಹವಾಮಾನವೂ ಮುಖ್ಯ. ತಣ್ಣನೆಯ ಸ್ಕಾಟ್ಲೆಂಡ್‌ನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನಲ್ಲಿ ಈ ಪ್ರಮಾಣ 10%ಕ್ಕೂ ಹೆಚ್ಚು. ಹೀಗಾಗಿ ವಯಸ್ಸಿನ ಅಂಕಿಯೊಂದನ್ನೇ ಇಟ್ಟುಕೊಂಡು ಎರಡು ವಿಸ್ಕಿಗಳನ್ನು ಹೋಲಿಸಲಾಗದು.

ಬೆಲೆಯ ವಿಷಯದಲ್ಲಿ ನಮ್ಮ ಮಿದುಳೇ ನಮ್ಮನ್ನು ಮೋಸಗೊಳಿಸುತ್ತದೆ. 2008ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ ಒಂದೇ ವೈನ್‌ಗೆ ಎರಡು ಬೆಲೆ ಹೇಳಿ ಕುಡಿಸಿದಾಗ, ಹೆಚ್ಚು ಬೆಲೆ ಹೇಳಿದ್ದೇ ಚೆನ್ನಾಗಿದೆ ಎಂದರು ಜನ. ಬಾಟಲಿಗೆ ಕಾಗದ ಸುತ್ತಿ, ಲೇಬಲ್ ಕಾಣದಂತೆ ರುಚಿ ನೋಡುವ ಪದ್ಧತಿ ಇರುವುದು ಇದಕ್ಕಾಗಿಯೇ.

ನಂಬಿಕೆ 3: ನೀರು ಬೆರೆಸಿದರೆ ವಿಸ್ಕಿ ಕೆಡುತ್ತದೆ

ತಪ್ಪು. ಪರಿಮಳಕ್ಕೆ ಕಾರಣವಾಗುವ ಅಣುಗಳಲ್ಲಿ ಗ್ವಾಯಕಾಲ್ ಒಂದು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ಕಂಡಂತೆ, ಆಲ್ಕೋಹಾಲ್ ತುಂಬಾ ಹೆಚ್ಚಿದ್ದರೆ ಇದು ದ್ರವದ ಒಳಗೇ ಉಳಿಯುತ್ತದೆ. ನೀರು ಬೆರೆಸಿ 45% ಅಥವಾ ಅದಕ್ಕಿಂತ ಕೆಳಗೆ ಇಳಿಸಿದರೆ ಮೇಲ್ಮೈಗೆ, ಅಂದರೆ ನಮ್ಮ ಮೂಗಿನ ಹತ್ತಿರಕ್ಕೆ, ಬರುತ್ತದೆ.

ನಂಬಿಕೆ 4: ರುಚಿ ನೋಡುವುದೆಂದರೆ ಕುಡಿದ ಲೆಕ್ಕವಲ್ಲ

ಅಪಾಯಕಾರಿ ನಂಬಿಕೆ. ಒಂದು ಸುತ್ತಿಗೆ 15 ಮಿ.ಲೀ ಎಂದುಕೊಳ್ಳಿ. ನಾಲ್ಕು ಬಾಟಲಿ ರುಚಿ ನೋಡಿದರೆ 60 ಮಿ.ಲೀ. ಕೆಲವು ಬರ್ಬನ್‌ಗಳಲ್ಲಿ ಆಲ್ಕೋಹಾಲ್ 60% ಇರುತ್ತದೆ. ಆಗ ಅದು ನಮ್ಮಲ್ಲಿ ಸಿಗುವ 42.8% ವಿಸ್ಕಿಯ 84 ಮಿ.ಲೀಗೆ, ಅಂದರೆ 30 ಮಿ.ಲೀನ ಹೆಚ್ಚುಕಡಿಮೆ ಮೂರು ಪೆಗ್‌ಗೆ ಸಮ! ಇಷ್ಟು ಕುಡಿದವರ ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಭಾರತದ ಕಾನೂನಿನ ಮಿತಿಯಾದ 100 ಮಿ.ಲೀಗೆ 30 ಮಿ.ಗ್ರಾಂ ದಾಟುವ ಸಾಧ್ಯತೆ ಹೆಚ್ಚು. 'ಬರೀ ರುಚಿ ನೋಡಿದೆ' ಎಂದು ಬೈಕ್ ಹತ್ತಬೇಡಿ. ವೃತ್ತಿಯಾಗಿ ರುಚಿ ನೋಡುವವರು ಸಾಮಾನ್ಯವಾಗಿ ನುಂಗುವುದಿಲ್ಲ, ಉಗುಳುತ್ತಾರೆ.

ನಂಬಿಕೆ 5: ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು, ಸ್ನೇಹಕ್ಕೂ ಒಳ್ಳೆಯದು

ಮೊದಲು ಹೃದಯದ ವಿಷಯ. ಲಾಭವಿದೆ ಎಂದ ಹಲವು ಹಳೆಯ ಅಧ್ಯಯನಗಳಲ್ಲಿ 'ಕುಡಿಯದವರು' ಎಂಬ ಗುಂಪಿನಲ್ಲಿ ಕಾಯಿಲೆಯಿಂದಾಗಿ ಕುಡಿತ ಬಿಟ್ಟವರೂ ಸೇರಿದ್ದರು. ಹಾಗಾಗಿ ಮಿತವಾಗಿ ಕುಡಿಯುವವರೇ ಹೆಚ್ಚು ಆರೋಗ್ಯವಂತರಂತೆ ಕಂಡರು. ಇನ್ನು ಕ್ಯಾನ್ಸರ್: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನ ಕ್ಯಾನ್ಸರ್‌ಗಳಿಗೆ ಇದರ ನಂಟಿದೆ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ಸಂಸ್ಥೆ 2023ರಲ್ಲಿ ಹೇಳಿತು. ಬರ್ಬನ್ ಎಷ್ಟೇ ದುಬಾರಿಯಾಗಿರಲಿ, ಅದರಲ್ಲಿರುವುದೂ ಅದೇ ಎಥನಾಲ್.

ಇನ್ನು ಸ್ನೇಹ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ಮತ್ತು ತಂಡ ಬ್ರಿಟನ್‌ನಲ್ಲಿ ನಡೆಸಿದ ಅಧ್ಯಯನದಲ್ಲಿ, ತಮ್ಮದೆಂಬ ಒಂದು ಪಬ್‌ಗೆ ನಿಯಮಿತವಾಗಿ ಹೋಗುವವರಿಗೆ ಆಪ್ತ ಗೆಳೆಯರು ಹೆಚ್ಚು ಎಂದು ಕಂಡುಬಂತು. ಆದರೆ ಸ್ನೇಹ ಬೆಳೆಸಿದ್ದು ಮದ್ಯವೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಅದೇ ಜಾಗದಲ್ಲಿ, ಅದೇ ಜನ ಮತ್ತೆ ಮತ್ತೆ ಕೂತು ಮಾತಾಡುವುದೂ ಕಾರಣ ಇರಬಹುದು.

ಬರ್ಬನ್ ಕೂಟದಲ್ಲೂ ಗೆಳೆಯರು ಮಾಡುವುದು ಇದನ್ನೇ: ಒಂದೇ ವಸ್ತುವನ್ನು ಗಮನವಿಟ್ಟು ಮೂಸುವುದು, 'ನಿನಗೇನು ಅನ್ನಿಸಿತು?' ಎಂದು ಕೇಳುವುದು, ವಾದ ಮಾಡುವುದು. ಇದಕ್ಕೆ ಅಮಲು ಬೇಕಿಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ಇಟ್ಟುಕೊಂಡೂ ಇದೇ ಆಟ ಆಡಬಹುದು.

ತೀರ್ಮಾನ: ಬರ್ಬನ್ ರುಚಿ ನೋಡುವುದು ಆಸಕ್ತಿಕರ ಹವ್ಯಾಸ ಇರಬಹುದು, ಆದರೆ ಅದು ಔಷಧಿಯಲ್ಲ. ಕುಡಿಯದವರು ಆರೋಗ್ಯಕ್ಕಾಗಿ ಶುರುಮಾಡಬೇಕಿಲ್ಲ. ಕುಡಿಯುವವರು ಮಿ.ಲೀ ಲೆಕ್ಕ ಇಡಲಿ, ವಾಪಸ್ ಹೋಗಲು ಆಟೊ, ಕ್ಯಾಬ್ ನೋಡಿಕೊಳ್ಳಲಿ. 'ನನಗೆ ಬೇಡ' ಎಂದ ಗೆಳೆಯನನ್ನೋ ಗೆಳತಿಯನ್ನೋ ಎರಡನೇ ಸಲ ಒತ್ತಾಯಿಸಬೇಡಿ. 'ಒಂದು ಪೆಗ್ ಹೃದಯಕ್ಕೆ ಒಳ್ಳೆಯದು' ಎಂಬ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.