ಆಟ ಮುಗಿಸದವರ ಮಾತು

ಕಳೆದ ದೀಪಾವಳಿಗೆ ತಿಪಟೂರಿನ ಮನೆಗೆ ಹೋಗಿದ್ದೆ. ಅಮ್ಮ ಹಾಲಿನ ಲೆಕ್ಕದ ಪುಸ್ತಕ ಕೈಗೆ ಕೊಟ್ಟು, "ಈ ತಿಂಗಳದ್ದು ಎಷ್ಟಾಯ್ತು ಕೂಡ್ಸು" ಅಂದರು. ಉದ್ದ ಗೆರೆಯ ಹಳೇ ನೋಟ್‌ಬುಕ್ಕು. ಕೂಡಿಸಿ ಮುಗಿದ ಮೇಲೆ ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದೆ. ಲೆಕ್ಕ ಶುರುವಾಗುವ ಮೊದಲು ಹನ್ನೆರಡು ಹದಿಮೂರು ಹಾಳೆಗಳಲ್ಲಿ ಅಣ್ಣನ ಕೈಬರಹ, ನಡುನಡುವೆ ನನ್ನದು.

"ಕತ್ತಲೆ ಗುಹೆ. ಏಣಿ ಇಳಿದ ಮೇಲೆ ಗೋಡೆ ಸಿಗೋವರೆಗೂ ಬಲಕ್ಕೆ ಹೋಗು. ಅಲ್ಲಿಂದ ಮುಂದೆ ನನಗೂ ಗೊತ್ತಿಲ್ಲ."

ಅದರ ಕೆಳಗೆ ನನ್ನ ಕೋಳಿಕಾಲಿನ ಅಕ್ಷರ: "ನಾನೂ ಹೋದೆ. ಬಾವಲಿ ಬಹಳ. ವಾಪಸ್ ಬಂದೆ."

ಅದು 2009ರ ಮಾತು. ಅಣ್ಣ ಪಿಯುಸಿ, ನಾನು ಆರನೇ ತರಗತಿ. ಮನೆಗೆ ಬಂದಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಇಬ್ಬರೂ ಸೇರಿ 'ಪೋಕೆಮಾನ್ ಫೈರ್ ರೆಡ್' ಆಡುತ್ತಿದ್ದೆವು. ಆ ಆಟದಲ್ಲಿ ಉಳಿಸಿಕೊಳ್ಳಲು ಇರುವುದು ಒಂದೇ ಜಾಗ. ಅಂದರೆ ಇಬ್ಬರಿಗೂ ಸೇರಿ ಒಂದೇ ಪಯಣ. ಬೆಳಿಗ್ಗೆ ಅವನು ನಿಲ್ಲಿಸಿದಲ್ಲಿಂದ ಸಂಜೆ ನಾನು ಮುಂದುವರಿಸಬೇಕು. ಹಾಗಾಗಿ ಒಬ್ಬರಿಗೊಬ್ಬರು ಬರೆದಿಡುತ್ತಿದ್ದೆವು. ಆ ಗುಹೆಗೆ ಬೆಳಕು ತರುವ ವಿದ್ಯೆಯೊಂದು ಆಟದಲ್ಲೇ ಇದೆ, ಹತ್ತು ಬಗೆಯ ಪ್ರಾಣಿಗಳನ್ನು ಹಿಡಿದವರಿಗೆ ಅದನ್ನು ಕೊಡುವವನೊಬ್ಬ ದಾರಿಯಲ್ಲಿ ಸಿಗುತ್ತಾನೆ ಎಂಬುದು ನಮಗೆ ತಿಳಿದದ್ದು ಎಷ್ಟೋ ಕಾಲದ ನಂತರ. ನಾವು ಇಡೀ ಗುಹೆಯನ್ನು ಗೋಡೆ ತಡವಿಕೊಂಡೇ ದಾಟಿದ್ದೆವು.

ನನ್ನ ಪಿಎಚ್.ಡಿ. ವಿಷಯ ಕನ್ನಡದಲ್ಲಿ ಓದಿನ ಇತಿಹಾಸ. ಬರೆದವರದ್ದಲ್ಲ, ಓದಿದವರದ್ದು. ಊರೂರಿನ ವಾಚನಾಲಯಗಳಲ್ಲಿ ಹಳೆಯ ಕಾದಂಬರಿಗಳ ಅಂಚಿನಲ್ಲಿ ಓದುಗರು ಪೆನ್ಸಿಲಿನಲ್ಲಿ ಗೀಚಿದ್ದನ್ನು ನಕಲು ಮಾಡಿಕೊಳ್ಳುವುದು ನನ್ನ ದಿನನಿತ್ಯದ ಕೆಲಸ. "ಇವಳು ಮೋಸ ಮಾಡುತ್ತಾಳೆ ಅನ್ನಿಸುತ್ತೆ" ಎಂದು ನಲವತ್ತನೇ ಪುಟದಲ್ಲಿ ಬರೆದವರಿಗೆ ನೂರಾ ಎಂಬತ್ತನೇ ಪುಟದಲ್ಲಿ ಏನಾಗುತ್ತದೆಂದು ಗೊತ್ತಿರಲಿಲ್ಲ. ವಿಮರ್ಶೆ ಬರೆಯುವವರು ಪುಸ್ತಕ ಮುಗಿಸಿ ಬರೆಯುತ್ತಾರೆ. ಅಂಚಿನಲ್ಲಿ ಬರೆಯುವವರು ಓದುತ್ತಾ ಬರೆಯುತ್ತಾರೆ. ಮುಗಿಸಿದವರಿಗೆ ತಾವು ನಡುವೆ ಏನೆಂದುಕೊಂಡಿದ್ದೆವು ಎಂಬುದು ನೆನಪಿರುವುದಿಲ್ಲ. ಅಂತ್ಯ ಗೊತ್ತಾದ ಕೂಡಲೇ ಹಿಂದಿನ ಗೊಂದಲವೆಲ್ಲ ಅಳಿಸಿಹೋಗುತ್ತದೆ. ಇತಿಹಾಸಕಾರರು ಆತ್ಮಕತೆಗಿಂತ ದಿನಚರಿಯನ್ನು ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ಹಾಲಿನ ಲೆಕ್ಕದ ಪುಸ್ತಕ ಹಿಡಿದು ಕೂತಾಗ, ವಿಡಿಯೋ ಗೇಮಿನ ಇತಿಹಾಸದಲ್ಲೂ ಇಂಥ ಅಂಚಿನ ಬರಹವಿದೆಯೇ ಎಂಬ ಪ್ರಶ್ನೆ ಎದ್ದಿತು. ವಿಶೇಷವಾಗಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುವ ಪಾತ್ರಧಾರಿ ಆಟಗಳಲ್ಲಿ. ಇವು ಹತ್ತು ನಿಮಿಷದಲ್ಲಿ ಮುಗಿಯುವಂಥವಲ್ಲ. ಒಂದು ಪಾತ್ರವನ್ನು ಕೈಗೆತ್ತಿಕೊಂಡು, ಅದು ಬಲಿಯುತ್ತಾ ಹೋಗುವುದನ್ನು ನೋಡುತ್ತಾ ವಾರಗಟ್ಟಲೆ, ತಿಂಗಳುಗಟ್ಟಲೆ ಆಡಬೇಕು. ಹಾಗಾಗಿ ಆಡುವವರು ಹೆಚ್ಚಿನ ಕಾಲ ನಡುದಾರಿಯಲ್ಲೇ ಇರುತ್ತಾರೆ. ನಡುದಾರಿಯಲ್ಲಿ ಇರುವವರಿಗೆ ಮಾತು ಬೇಕು.

ಹುಡುಕುತ್ತಾ ಹೋದರೆ ದಾರಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಮುಟ್ಟುತ್ತದೆ. ಅಲ್ಲಿ 1960ರಲ್ಲಿ 'ಪ್ಲೇಟೋ' ಎಂಬ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು. ಉದ್ದೇಶ ಪಾಠ ಹೇಳಿಕೊಡುವುದು. ಎಪ್ಪತ್ತರ ದಶಕದ ಹೊತ್ತಿಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ಲಾಸ್ಮಾ ಪರದೆಯ ಟರ್ಮಿನಲ್‌ಗಳು ಬೇರೆ ಬೇರೆ ಊರುಗಳಲ್ಲಿದ್ದು, ಎಲ್ಲವೂ ಒಂದೇ ದೊಡ್ಡ ಯಂತ್ರಕ್ಕೆ ಜೋಡಿಸಿಕೊಂಡಿದ್ದವು. ವ್ಯವಸ್ಥೆಯ ದೋಷಗಳನ್ನು ಬಳಕೆದಾರರು ತಿಳಿಸಲೆಂದು ಎಲ್ಲರೂ ತಿದ್ದಬಹುದಾದ ಒಂದು ಕಡತ ಇಟ್ಟಿದ್ದರು. ತೊಂದರೆಯೆಂದರೆ ಯಾರು ಬೇಕಾದರೂ ಯಾರ ಬರಹವನ್ನಾದರೂ ಅಳಿಸಬಹುದಿತ್ತು. 1973ರಲ್ಲಿ ಡೇವಿಡ್ ವೂಲಿ ಎಂಬ ಹದಿನೇಳರ ಹುಡುಗ ಇದಕ್ಕೆ ಬದಲಾಗಿ 'ನೋಟ್ಸ್' ಎಂಬ ಪ್ರೋಗ್ರಾಂ ಬರೆದ. ಒಬ್ಬರು ಬರೆದದ್ದು ಹಾಗೇ ಉಳಿಯುತ್ತದೆ, ಅದರ ಕೆಳಗೆ ಇನ್ನೊಬ್ಬರು ಉತ್ತರ ಬರೆಯಬಹುದು. ಇವತ್ತು ನಮಗೆ ಅದರಲ್ಲೇನೂ ವಿಶೇಷ ಕಾಣುವುದಿಲ್ಲ. ಆಗ ಅದು ಹೊಸದು.

ಮುಂದಿನ ವರ್ಷ, 1974ರಲ್ಲಿ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾಯಿತು. 1975ರಲ್ಲಿ ರಸ್ಟಿ ರುದರ್‌ಫರ್ಡ್ ಎಂಬಾತ ಅದರ ಛಾಯೆಯ ಆಟವೊಂದನ್ನು ಪ್ಲೇಟೋದಲ್ಲಿ ಬರೆದ. ಆಟಕ್ಕೆಂದು ಯಾರೂ ಜಾಗ ಕೊಡುತ್ತಿರಲಿಲ್ಲ. ಆದ್ದರಿಂದ ಜನಸಂಖ್ಯೆ ಮತ್ತು ಇಂಧನದ ಪಾಠಗಳಿಗೆಂದು ಮೀಸಲಿಟ್ಟ ಕಡತವೊಂದರಲ್ಲಿ ಅದನ್ನು ಅಡಗಿಸಿಟ್ಟ. ಕಡತದ ಹೆಸರು 'ಪೆಡಿಟ್5'. ಆಟದ ಹೆಸರೂ ಅದೇ ಆಗಿಹೋಯಿತು. ಮೇಲಿನವರು ಕಂಡಾಗಲೆಲ್ಲ ಅಳಿಸುತ್ತಿದ್ದರು. ಅದೇ ವರ್ಷ ಗ್ಯಾರಿ ವೈಸನ್‌ಹಂಟ್ ಮತ್ತು ರೇ ವುಡ್ 'ಡಿಎನ್‌ಡಿ' ಎಂಬ ಇನ್ನೊಂದನ್ನು ಬರೆದರು. 1976ರಲ್ಲಿ ಪ್ಲೇಟೋದಲ್ಲಿ ವಿಷಯವಾರು ಟಿಪ್ಪಣಿ ಕಡತಗಳು ಬಂದವು. ಆಡುವವರು, ಆಟ ಬರೆದವರು, ಇಬ್ಬರೂ ಇದ್ದದ್ದು ಒಂದೇ ಜಾಲದಲ್ಲಿ. ಇವತ್ತು ಎಲ್ಲಿ ಸತ್ತೆ ಎಂದು ಆಟಗಾರ ದೂರಿದರೆ ಅದು ನೇರವಾಗಿ ಬರೆದವನ ಕಣ್ಣಿಗೆ ಬೀಳಬಹುದಿತ್ತು. ಕಂಪ್ಯೂಟರಿನ ಪಾತ್ರಧಾರಿ ಆಟ ಹುಟ್ಟಿದ್ದೇ ಆಡುವವರ ಮಾತಿನ ಪಕ್ಕದಲ್ಲಿ.

ಪ್ಲೇಟೋದ ರುಚಿ ಕಂಡಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ವುಡ್‌ಹೆಡ್, ಗೆಳೆಯ ಆಂಡ್ರ್ಯೂ ಗ್ರೀನ್‌ಬರ್ಗ್ ಜೊತೆ ಸೇರಿ 1981ರಲ್ಲಿ 'ವಿಜರ್ಡ್ರಿ' ಹೊರತಂದ. ಅದನ್ನು ಆಡುವವರು ಪಕ್ಕದಲ್ಲಿ ಗ್ರಾಫ್ ಹಾಳೆ ಇಟ್ಟುಕೊಂಡು ನೆಲಮಾಳಿಗೆಯ ನಕ್ಷೆಯನ್ನು ಚೌಕ ಚೌಕವಾಗಿ ತಾವೇ ಬರೆದುಕೊಳ್ಳಬೇಕಿತ್ತು. ಆಟದ ಅರ್ಧ ಭಾಗ ಪರದೆಯ ಮೇಲೆ, ಇನ್ನರ್ಧ ಕಾಗದದ ಮೇಲೆ. ಆ ಆಟ ಜಪಾನಿಗೆ ಹೋಗಿ ಅಲ್ಲಿ ದೊಡ್ಡ ಪ್ರಭಾವ ಬೀರಿತು. ಅಲ್ಲಿಯೂ ಆಟಗಾರರಿಗೆ ಕಾಗದ ಕೈಬಿಡುವಂತಿರಲಿಲ್ಲ.

1984ರಲ್ಲಿ ನಾಮ್ಕೋ ಕಂಪನಿ 'ಟವರ್ ಆಫ್ ಡ್ರುವಾಗಾ' ಎಂಬ ಆಟವನ್ನು ಜಪಾನಿನ ಗೇಮ್ ಸೆಂಟರುಗಳಿಗೆ ತಂದಿತು. ಮಾಡಿದವರು ಮಸನೊಬು ಎಂಡೊ. ಅರವತ್ತು ಅಂತಸ್ತಿನ ಗೋಪುರ. ಬಹುತೇಕ ಅಂತಸ್ತುಗಳಲ್ಲಿ ಒಂದೊಂದು ಗುಪ್ತ ಪೆಟ್ಟಿಗೆ, ಅದು ಕಾಣಿಸಿಕೊಳ್ಳಬೇಕಾದರೆ ಏನೋ ಒಂದು ಮಾಡಬೇಕು. ಏನು ಮಾಡಬೇಕೆಂದು ಆಟ ಹೇಳುವುದಿಲ್ಲ. ಮೊದಲ ಅಂತಸ್ತಿನಲ್ಲಿ ಮೂರು ಹಸಿರು ಲೋಳೆಪ್ರಾಣಿಗಳನ್ನು ಕೊಂದರೆ ಗೋಡೆ ಒಡೆಯುವ ಗುದ್ದಲಿ ಸಿಗುತ್ತದೆ. ಇದು ಹೇಗೋ ಹೊಳೆಯಬಹುದು. ಮೇಲೆ ಹೋದಂತೆ ವಿಚಿತ್ರ: ಒಂದು ಕಡೆ ಆಟ ಶುರುಮಾಡುವ ಗುಂಡಿಯನ್ನೇ ಆಟದ ನಡುವೆ ಒತ್ತಬೇಕು. ಕೆಲವು ಪೆಟ್ಟಿಗೆಗಳನ್ನು ಬಿಟ್ಟು ಮೇಲೇರಿದರೆ ಆಟ ಮುಗಿಸಲು ಆಗುವುದೇ ಇಲ್ಲ. ಪ್ರತಿ ಪ್ರಯತ್ನಕ್ಕೂ ನಾಣ್ಯ ಹಾಕಬೇಕು. ಒಬ್ಬರ ಜೇಬಿನಿಂದ ಆಗುವ ಕೆಲಸ ಇದಲ್ಲ.

ಆ ಕಾಲದ ಅನೇಕ ಗೇಮ್ ಸೆಂಟರುಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಿದ್ದರು. ಬಂದವರು ಬರೆಯುತ್ತಿದ್ದರು, ಮುಂದೆ ಬಂದವರು ಓದುತ್ತಿದ್ದರು. ಡ್ರುವಾಗಾದ ಗೋಪುರವನ್ನು ಹತ್ತಿದ್ದು ಈ ಪುಸ್ತಕಗಳು. ಶಾಲೆ ಬಿಟ್ಟು ಬಂದ ಹುಡುಗನೊಬ್ಬ ತನಗೆ ಸಿಕ್ಕ ಗುಟ್ಟನ್ನು ಬರೆದು ಹೋದರೆ, ರಾತ್ರಿ ಕೆಲಸ ಮುಗಿಸಿ ಬಂದ ನೌಕರ ಅಲ್ಲಿಂದ ಮುಂದಿನ ಅಂತಸ್ತಿಗೆ ಏರುತ್ತಿದ್ದ. ಇಬ್ಬರೂ ಮುಖ ನೋಡದೆಯೇ ಇದ್ದಿರಬಹುದು. "ಅಲ್ಲಿಂದ ಮುಂದೆ ನನಗೂ ಗೊತ್ತಿಲ್ಲ" ಎಂಬ ಅಣ್ಣನ ಸಾಲು ನನಗೆ ಮತ್ತೆ ನೆನಪಾದದ್ದು ಇಲ್ಲಿ.

1986ರ ಮೇ 27ರಂದು ಎನಿಕ್ಸ್ ಕಂಪನಿಯ 'ಡ್ರ್ಯಾಗನ್ ಕ್ವೆಸ್ಟ್' ಬಂದಿತು. ಬರೆದವರು ಯೂಜಿ ಹೊರಿಯಿ. ಅವರು 'ವಿಜರ್ಡ್ರಿ'ಯನ್ನು ಆಡಿ ಮೆಚ್ಚಿದವರು. ಮನೆಯ ಟಿ.ವಿ.ಗೆ ಜೋಡಿಸುವ ಆಟ ಅದು. ಇಡೀ ರಾಜ್ಯ, ಊರುಗಳು, ಗುಹೆಗಳು, ರಾಕ್ಷಸರು ಎಲ್ಲ ಸೇರಿ 64 ಕಿಲೋಬೈಟಿನೊಳಗೆ. ಆಟಗಾರ ಎಲ್ಲಿಯವರೆಗೆ ಬಂದ ಎಂಬುದನ್ನು ನೆನಪಿಡುವ ಏರ್ಪಾಡು ಅದರಲ್ಲಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿದರು. ಅರಮನೆಗೆ ಹೋಗಿ ರಾಜನನ್ನು ಕಂಡರೆ ಅವನು ಇಪ್ಪತ್ತು ಹಿರಾಗಾನಾ ಅಕ್ಷರಗಳ 'ಪುನರುಜ್ಜೀವನ ಮಂತ್ರ' ಹೇಳುತ್ತಾನೆ. ಅದನ್ನು ಬರೆದುಕೊಂಡು ಮರುದಿನ ಹಾಗೇ ಒತ್ತಿದರೆ ನಿಮ್ಮ ಪಾತ್ರ ನಿನ್ನೆಯ ಬಲದೊಂದಿಗೆ ಮತ್ತೆ ಎದ್ದು ಬರುತ್ತದೆ. 1987ರ ಜನವರಿಯಲ್ಲಿ ಎರಡನೇ ಭಾಗ ಬಂದಾಗ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು.

ಹಿರಾಗಾನಾದಲ್ಲಿ 'ಬ' ಮತ್ತು 'ಪ'ಗೆ ಇರುವ ವ್ಯತ್ಯಾಸ ಬಹಳ ಸಣ್ಣದು. ಒಂದೇ ಅಕ್ಷರದ ಮೂಲೆಯಲ್ಲಿ ಎರಡು ಗೀಟು ಇದ್ದರೆ 'ಬ', ಪುಟ್ಟ ಸೊನ್ನೆ ಇದ್ದರೆ 'ಪ'. ಮಸುಕಾದ ಹಳೇ ಟಿ.ವಿ.ಯಲ್ಲಿ ಎರಡೂ ಒಂದೇ ತರಹ ಕಾಣುತ್ತಿತ್ತು. ಒಂದು ಅಕ್ಷರ ತಪ್ಪಿದರೂ ಮಂತ್ರ ತಪ್ಪು ಎಂದು ಆಟ ಹೇಳುತ್ತಿತ್ತು, ವಾರಗಳ ಶ್ರಮ ಅಲ್ಲಿಗೆ ಮುಗಿಯಿತು. ನಮ್ಮ ತಾಳೆಗರಿಗಳ ಕೊನೆಯಲ್ಲಿ ಲಿಪಿಕಾರರು, ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳುವುದುಂಟು. ಆ ಭಯ ಎಂಥದ್ದೆಂದು ಜಪಾನಿನ ಆ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. 1988ರ ಫೆಬ್ರವರಿಯಲ್ಲಿ ಮೂರನೇ ಭಾಗ ಬ್ಯಾಟರಿಯೊಂದಿಗೆ ಬಂದಿತು. ಮಂತ್ರ ಬರೆದುಕೊಳ್ಳುವ ಕಾಲ ಮುಗಿಯಿತು. ಈಗ ಆ ತಲೆಮಾರಿನವರು ಆ ದಿನಗಳನ್ನು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಗೀಟೋ ಸೊನ್ನೆಯೋ ಎಂದು ಅಳಿಸಿ ಅಳಿಸಿ ತೂತು ಬಿದ್ದ ಹಾಳೆಯೊಂದು ಎಲ್ಲಾದರೂ ಉಳಿದಿದ್ದರೆ, ಅದು ಹೇಳುವ ಕತೆ ಈ ನೆನಪಿನ ಕತೆಗಿಂತ ಬೇರೆ.

ನಡುದಾರಿಯ ಮಾತಿನಲ್ಲಿ ಸುಳ್ಳೂ ಇರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಕಡೆ ಅಣ್ಣ ಬರೆದಿದ್ದಾನೆ: "ಬಂದರಿನ ಪಕ್ಕ ಲಾರಿ ಇದೆ. ತಳ್ಳಿದರೆ ಕೆಳಗೆ ಮ್ಯೂ ಸಿಗುತ್ತೆ. ಕ್ಲಾಸಿನಲ್ಲಿ ಹೇಳಿದರು." ಮ್ಯೂ ಎಂಬ ಅಪರೂಪದ ಪ್ರಾಣಿಯ ಬಗ್ಗೆ ತೊಂಬತ್ತರ ದಶಕದ ಕೊನೆಯಲ್ಲಿ ದೇಶದೇಶಗಳ ಶಾಲೆಗಳಲ್ಲಿ ಹಬ್ಬಿದ ಗಾಳಿಸುದ್ದಿ ಇದು. ಅಲ್ಲಿ ಅಂಥದ್ದೇನೂ ಇರಲಿಲ್ಲ. ಹತ್ತು ವರ್ಷ ತಡವಾಗಿ, ಬೇರೆ ಆವೃತ್ತಿಯ ಆಟಕ್ಕೆ ಅಂಟಿಕೊಂಡು ಆ ಸುದ್ದಿ ತಿಪಟೂರಿಗೂ ಬಂದಿತ್ತು. ಆಟದ ಪ್ರೋಗ್ರಾಮನ್ನು ಬಿಚ್ಚಿ ನೋಡುವವರಿಗೆ ಲಾರಿಯ ಕೆಳಗೆ ಏನಿಲ್ಲ ಎಂಬುದು ಗೊತ್ತಾಗುತ್ತದೆ. ಆದರೆ ಮಕ್ಕಳು ಅಲ್ಲಿ ಏನನ್ನು ಬಯಸಿದ್ದರು ಎಂಬುದು ಪ್ರೋಗ್ರಾಮಿನಲ್ಲಿ ಸಿಗುವುದಿಲ್ಲ. ಅದಕ್ಕೆ ಅಣ್ಣನ ಆ ಸಾಲೇ ಬೇಕು.

ಈಗ ಮಾತಿಗೆ ಬರವಿಲ್ಲ. ಯಾವ ಆಟದ ಯಾವ ಗುಹೆಗಾದರೂ ದಾರಿ ತೋರಿಸುವ ವಿಡಿಯೋ ಬಿಡುಗಡೆಯ ದಿನವೇ ಸಿಗುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ, ನಾನೂ ನೋಡುತ್ತೇನೆ. ನನ್ನ ಚಿಂತೆ ಬೇರೆ. 2009ರಲ್ಲಿ ಫ್ರಮ್‌ಸಾಫ್ಟ್‌ವೇರ್ ಕಂಪನಿಯ 'ಡೀಮನ್ಸ್ ಸೋಲ್ಸ್' ಬಂದಾಗ, ಗೇಮ್ ಸೆಂಟರಿನ ನೋಟ್‌ಬುಕ್ಕನ್ನು ಆಟದ ಒಳಗೇ ತಂದಂತಾಯಿತು. ಆಡುವವರು ನೆಲದ ಮೇಲೆ ಸಂದೇಶ ಬರೆದಿಡಬಹುದು, ಇನ್ನೊಂದು ಊರಿನ, ಇನ್ನೊಂದು ದೇಶದ ಆಟಗಾರರಿಗೆ ಅದು ಕಾಣುತ್ತದೆ. ಇದರ ಹಿಂದಿನ ಘಟನೆಯನ್ನು ನಿರ್ದೇಶಕ ಹಿದೆಟಾಕಾ ಮಿಯಾಜಾಕಿ ಹೇಳಿಕೊಂಡಿದ್ದಾರೆ. ಹಿಮ ಬಿದ್ದ ಏರುದಾರಿಯಲ್ಲಿ ಅವರ ಕಾರು ಸಿಕ್ಕಿಕೊಂಡಿತ್ತು. ಹಿಂದಿನ ಕಾರುಗಳ ಅಪರಿಚಿತರು ಒಬ್ಬರನ್ನೊಬ್ಬರು ತಳ್ಳಿ ಮೇಲೇರಿಸಿದರು. ಧನ್ಯವಾದ ಹೇಳಲು ನಿಂತರೆ ತಾನೇ ಮತ್ತೆ ಜಾರಬೇಕಾಗುತ್ತದೆಂದು ಯಾರೂ ನಿಲ್ಲಲಿಲ್ಲ.

2018ರ ಫೆಬ್ರವರಿ 28ರಂದು ಆ ಆಟದ ಸರ್ವರುಗಳನ್ನು ನಿಲ್ಲಿಸಲಾಯಿತು. ಆಟ ಉಳಿಯಿತು, ಈಗಲೂ ಒಬ್ಬರೇ ಆಡಬಹುದು. ನೆಲದ ಮೇಲಿನ ಬರಹಗಳು ಹೋದವು. ಒಂಬತ್ತು ವರ್ಷಗಳ ಅಂಚಿನ ಟಿಪ್ಪಣಿಗಳು ಒಂದೇ ದಿನದಲ್ಲಿ. ಕಾದಂಬರಿಯ ಪ್ರತಿಯೊಂದು ಗ್ರಂಥಾಲಯದಲ್ಲಿ ಉಳಿದು, ಪೆನ್ಸಿಲ್ ಗುರುತುಗಳನ್ನೆಲ್ಲ ಯಾರೋ ಉಜ್ಜಿಹಾಕಿದಂತೆ. ಆಟಗಳನ್ನು ಕಾಪಿಡಬೇಕೆಂಬ ಅರಿವು ಈಗ ಅಲ್ಲಲ್ಲಿ ಮೂಡಿದೆ. ಆಡಿದವರ ಮಾತನ್ನು ಕಾಪಿಡಬೇಕೆಂಬುದು ಅಷ್ಟಾಗಿ ಯಾರಿಗೂ ಹೊಳೆದಂತಿಲ್ಲ. ನಮ್ಮ ನೋಟ್‌ಬುಕ್ ಉಳಿದದ್ದೂ ಅದರ ಮಹತ್ವದಿಂದಲ್ಲ. "ಖಾಲಿ ಹಾಳೆ ಬಹಳ ಇತ್ತು, ರದ್ದಿಗೆ ಹಾಕೋಕೆ ಮನಸ್ಸು ಬರಲಿಲ್ಲ" ಅಂದರು ಅಮ್ಮ.

ಅಣ್ಣ ಈಗ ಪುಣೆಯಲ್ಲಿದ್ದಾನೆ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಫೋನಿನಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ಬಹಳ ದಿನ ಸುಮ್ಮನಿದ್ದೆವು. ಅಪ್ಪನ ವಿಷಯ ಎತ್ತಲು ಇಬ್ಬರಿಗೂ ಆಗುತ್ತಿರಲಿಲ್ಲ. ಅವನು 'ಎಲ್ಡನ್ ರಿಂಗ್' ಆಡಲು ಶುರುಮಾಡಿದ ಮೇಲೆ ಮಾತು ಮರಳಿತು. "ಎಲ್ಲಿಗೆ ಬಂತು?" ಎಂದು ನಾನು ಕೇಳುತ್ತೇನೆ. ಅವನು ಯಾವುದೋ ಕೋಟೆಯ, ಯಾವುದೋ ಜೌಗಿನ ಹೆಸರು ಹೇಳುತ್ತಾನೆ. ಆ ಆಟದಲ್ಲೂ ನೆಲದ ಮೇಲೆ ಬರೆಯಬಹುದು. ಮೊದಲೇ ಕೊಟ್ಟಿರುವ ಪದಗಳನ್ನಷ್ಟೇ ಜೋಡಿಸಬೇಕು, ಅದರಲ್ಲಿ ಕನ್ನಡವಿಲ್ಲ. ನೀವು ಬರೆದದ್ದನ್ನು ಯಾರಾದರೂ ಮೆಚ್ಚಿದರೆ ಆ ಕ್ಷಣ ನಿಮ್ಮ ಪಾತ್ರದ ಗಾಯ ಮಾಯುತ್ತದೆ.

ಹೋದ ಭಾನುವಾರ ಫೋನ್ ಮಾಡಿ ಹೇಳಿದ: "ಇವತ್ತು ಸತ್ತೇ ಹೋಗ್ತಿದ್ದೆ ಕಣೇ. ಎಲ್ಲೋ ಯಾರೋ ನಾನು ಬರೆದಿದ್ದು ಚೆನ್ನಾಗಿದೆ ಅಂತ ಒತ್ತಿದ್ರು ನೋಡು, ಉಳ್ಕೊಂಡೆ."

"ಆಮೇಲೆ?"

"ಆಮೇಲೆ ಒಂದು ಗುಹೆ ಸಿಕ್ತು. ಒಳಗೆ ಏನಿದೆ ಇನ್ನೂ ಗೊತ್ತಿಲ್ಲ."

ಮುಂದಿನ ಸಲ ಊರಿಗೆ ಹೋದಾಗ ಹಾಲಿನ ಲೆಕ್ಕದ ಪುಸ್ತಕದಲ್ಲಿ ಇದನ್ನೂ ತಾರೀಖು ಹಾಕಿ ಬರೆದಿಡಬೇಕು. ಹಾಳೆಗಳು ಇನ್ನೂ ಇವೆ.