ಸಂಬಳ ಕೇಳಿ ಕೋರ್ಟಿಗೆ ಹೋದ ಪೆರೆಜ್, ಉಳಿದುಕೊಂಡ ತಂಡ

ಸಂಬಳ ಕೊಡಲಿಲ್ಲ ಅಂತ ಕೋರ್ಟಿಗೆ ಹೋದವರ ಕಥೆ ನಾವೆಲ್ಲ ಕೇಳಿದ್ದೇವೆ. ಇವತ್ತಿನದು ಸ್ವಲ್ಪ ಬೇರೆ ಥರದ್ದು. ಇಲ್ಲಿ ಕೋರ್ಟಿಗೆ ಹೋದವರು ಫಾರ್ಮುಲಾ ಒನ್ ಚಾಲಕ ಸೆರ್ಜಿಯೊ ಪೆರೆಜ್. ಬಾಕಿ ಉಳಿಸಿಕೊಂಡಿದ್ದು ಅವರೇ ಕಾರು ಓಡಿಸುತ್ತಿದ್ದ ಫೋರ್ಸ್ ಇಂಡಿಯಾ ತಂಡ, ಅಂದ್ರೆ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ತಂಡ. 2018ರ ಜುಲೈ 27, ಶುಕ್ರವಾರ. ಹಂಗೆರಿಯಲ್ಲಿ ಪೆರೆಜ್ ಅದೇ ತಂಡದ ಗುಲಾಬಿ ಕಾರಿನಲ್ಲಿ ಅಭ್ಯಾಸಕ್ಕೆ ಇಳಿದಿದ್ದ ದಿನವೇ ಲಂಡನ್ನಿನ ಹೈಕೋರ್ಟಿನಲ್ಲಿ ತಂಡದ ಹಣೆಬರಹ ತೀರ್ಮಾನ ಆಗ್ತಾ ಇತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಪಕ್ಕದಲ್ಲೇ ಇರುವ ಈ ತಂಡ 1991ರಲ್ಲಿ ಜೋರ್ಡನ್ ಅಂತ ಶುರುವಾಗಿದ್ದು. ಆಮೇಲೆ ಮಿಡ್‌ಲ್ಯಾಂಡ್ ಆಯ್ತು, ಸ್ಪೈಕರ್ ಆಯ್ತು. 2007ರಲ್ಲಿ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಯೆಲ್ ಮೋಲ್ ಸೇರಿ ಕೊಂಡುಕೊಂಡರು. 2009ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಬಂದಾಗ, ಫಾರ್ಮುಲಾ ಒನ್ ಅಂದ್ರೆ ಏನು ಅಂತ ಗೊತ್ತಿಲ್ಲದವರೂ ಇಲ್ಲಿ ಖುಷಿಪಟ್ಟಿದ್ದರು. 2011ರಲ್ಲಿ ಸಹಾರಾ ಸಂಸ್ಥೆ ದೊಡ್ಡ ಪಾಲು ಕೊಂಡಿತು. 2014ರಲ್ಲಿ ಅದರ ಮುಖ್ಯಸ್ಥ ಸುಬ್ರತಾ ರಾಯ್ ಜೈಲಿಗೆ ಹೋದರು. 2016ರ ಮಾರ್ಚ್‌ನಲ್ಲಿ ಮಲ್ಯ ಭಾರತ ಬಿಟ್ಟು ಬ್ರಿಟನ್ ಸೇರಿದರು. ಹೀಗೆ ಮಾಲೀಕರಿಬ್ಬರೂ ಕಟಕಟೆಯ ಕಡೆ ಮುಖ ಮಾಡಿದ್ದರು.

ವಿಚಿತ್ರ ಏನು ಗೊತ್ತಾ? ಇದೇ ಹೊತ್ತಿಗೆ ತಂಡ ಫೋರ್ಸ್ ಇಂಡಿಯಾ ಹೆಸರಿನಲ್ಲಿ ಹಿಂದೆಂದಿಗಿಂತ ಚೆನ್ನಾಗಿ ಓಡ್ತಾ ಇತ್ತು. 2016 ಮತ್ತು 2017, ಎರಡೂ ವರ್ಷ ತಂಡಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ. ಅವರಿಗಿಂತ ಮುಂದಿದ್ದದ್ದು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮಾತ್ರ. ಆ ಮೂರೂ ತಂಡಗಳು ಖರ್ಚು ಮಾಡುವುದರ ಎಷ್ಟೋ ಕಡಿಮೆ ದುಡ್ಡಲ್ಲಿ ಈ ಸಾಧನೆ. ಮೆಕ್ಸಿಕೊದ ಪೆರೆಜ್ 2014ರಿಂದ ಇಲ್ಲೇ ಇದ್ದು ತಂಡಕ್ಕೆ ಐದು ಬಾರಿ ಪೋಡಿಯಂ ತಂದುಕೊಟ್ಟಿದ್ದರು.

ಆದರೆ ಕೆಲಸ ಚೆನ್ನಾಗಿ ಮಾಡಿದ್ರೆ ಖಜಾನೆ ತುಂಬಬೇಕು ಅಂತೇನೂ ಇಲ್ವಲ್ಲ. 2018ರ ಬೇಸಿಗೆಯ ಹೊತ್ತಿಗೆ ಎಂಜಿನ್ ಕೊಡುವ ಮರ್ಸಿಡಿಸ್‌ಗೂ ಬಾಕಿ, ಚಾಲಕನಿಗೂ ಬಾಕಿ. ಪೆರೆಜ್ ಕಡೆಗೆ ಬರಬೇಕಾಗಿದ್ದ ಮೊತ್ತ ಸುಮಾರು 40 ಲಕ್ಷ ಡಾಲರ್ ಅಂತ ವರದಿಗಳು ಬಂದವು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ, ಅದು ತಿಳಿಯದಿದ್ರೆ ಪೆರೆಜ್ ಮಾಡಿದ್ದು ನಂಬಿಕೆದ್ರೋಹ ಅನ್ನಿಸಿಬಿಡುತ್ತೆ. ಬ್ರಿಟನ್ನಿನಲ್ಲಿ ಸಾಲಗಾರ ಕಂಪನಿಯ ಮುಂದೆ ಎರಡು ದಾರಿ ಬರಬಹುದು. ಒಂದು, ಸಾಲ ಕೊಟ್ಟವರು ಕಂಪನಿಯನ್ನೇ ಮುಚ್ಚಿಸಿ ಅಂತ ಅರ್ಜಿ ಹಾಕೋದು. ಆಗ ಆಸ್ತಿ ಮಾರಿ, ಬಂದಷ್ಟು ಹಂಚಿ, ಬಾಗಿಲು ಹಾಕೋದೇ. ಇನ್ನೊಂದು, ಅಡ್ಮಿನಿಸ್ಟ್ರೇಷನ್. ಕೋರ್ಟ್ ನೇಮಿಸಿದ ಆಡಳಿತಗಾರರು ಬಂದು ಕೂತು, ಕಂಪನಿ ನಡೆಸ್ತಾನೇ ಅದನ್ನು ಕೊಳ್ಳುವವರನ್ನು ಹುಡುಕ್ತಾರೆ. ಅಷ್ಟು ದಿನ ಸಾಲಗಾರರು ಮೈಮೇಲೆ ಬೀಳೋ ಹಾಗಿಲ್ಲ. ಫೋರ್ಸ್ ಇಂಡಿಯಾ ಮೇಲೆ ಮೊದಲನೇ ಥರದ ಅರ್ಜಿ ತೂಗ್ತಾ ಇತ್ತು. ಅದಕ್ಕಿಂತ ಮೊದಲೇ ಎರಡನೇ ಬಾಗಿಲು ತೆರೆಯಬೇಕಿತ್ತು. ಅದನ್ನು ತೆರೆಯೋ ಹಕ್ಕು ಬಾಕಿ ಬರಬೇಕಾದವರಿಗೂ ಇತ್ತು. ತಂಡದ ಒಳಗಿನವರೇ ಕೇಳಿಕೊಂಡಿದ್ದರಿಂದ ಅರ್ಜಿ ಹಾಕಿದೆ ಅಂತ ಪೆರೆಜ್ ಆಮೇಲೆ ಹೇಳಿದರು. ಮರ್ಸಿಡಿಸ್ ಮತ್ತು ಪ್ರಾಯೋಜಕ ಬಿಡಬ್ಲ್ಯುಟಿ ಕಂಪನಿ ಬೆಂಬಲಕ್ಕೆ ನಿಂತವು.

ಈ ಸಂದರ್ಭದಲ್ಲಿ 2013ರ ಕಿಮಿ ರೈಕೋನೆನ್ ನೆನಪಾಗ್ತಾರೆ. ಲೋಟಸ್ ತಂಡಕ್ಕೆ ಆ ವರ್ಷದ ಮೊದಲ ರೇಸನ್ನೇ ಗೆದ್ದುಕೊಟ್ಟವರು, ವರ್ಷವಿಡೀ ಒಂದು ಯೂರೊ ಕೂಡ ಬಂದಿಲ್ಲ ಅಂತ ಅಬುಧಾಬಿಯಲ್ಲಿ ಬಹಿರಂಗವಾಗಿ ಹೇಳಿದರು. ಬೆನ್ನಿನ ಶಸ್ತ್ರಚಿಕಿತ್ಸೆ ಅಂತ ಕೊನೆಯ ಎರಡು ರೇಸ್ ಬಿಟ್ಟರು. ಅಷ್ಟರಲ್ಲಿ ಫೆರಾರಿಯಲ್ಲಿ ಸೀಟು ಸಿಕ್ಕಾಗಿತ್ತು. ಅವರದ್ದು ತಪ್ಪು ಅಂತ ನಾನು ಹೇಳೋದಿಲ್ಲ, ದುಡಿದವರು ಕೂಲಿ ಕೇಳಲೇಬೇಕು. ಆದರೆ ಪೆರೆಜ್ ಅದೇ ಬಾಕಿಯನ್ನು ತಂಡದ ಉಸಿರು ಹಿಡಿದಿಡೋಕೆ ಬಳಸಿದರು.

ಆಗಸ್ಟ್‌ನಲ್ಲಿ ಕೆನಡಾದ ಶ್ರೀಮಂತ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ತಂಡವನ್ನು ಕೊಂಡಿತು. 405 ಜನರ ಕೆಲಸ ಉಳಿಯಿತು. ಸಾಲಗಾರರಿಗೂ ಪೂರ್ತಿ ಹಣ ಸಿಗುತ್ತೆ ಅಂತ ಆಡಳಿತಗಾರರು ಹೇಳಿದರು.

ಬೆಂಗಳೂರಲ್ಲಿ ಕೂತು ಈ 405 ಅನ್ನೋ ಸಂಖ್ಯೆ ಕೇಳಿದಾಗ ಇನ್ನೊಂದು ಗುಂಪು ಕಣ್ಮುಂದೆ ಬರುತ್ತೆ. ಅದೇ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಪೈಲಟ್‌ಗಳು, ಎಂಜಿನಿಯರ್‌ಗಳು 2012ರಲ್ಲಿ ಕೆಲಸ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. ಅದೇ ತಿಂಗಳ ಕೊನೆಗೆ ದೆಹಲಿ ಹತ್ತಿರದ ಬುದ್ಧ ಟ್ರ್ಯಾಕಿನಲ್ಲಿ ಫೋರ್ಸ್ ಇಂಡಿಯಾ ಕಾರುಗಳು ಮಾತ್ರ ಓಡಿದವು. ಆ ನೌಕರರೂ ಬಾಕಿ ಕೇಳಿದವರೇ. ಅವರ ಕೂಗಿಗೆ ಕಂಪನಿ ಉಳಿಸುವಂಥ ಬಾಗಿಲು ಯಾವುದೂ ತೆರೆಯಲಿಲ್ಲ. ದಿವಾಳಿ ಕಂಪನಿಗಳಿಗೆ ಹೊಸ ಕಾನೂನು ನಮ್ಮಲ್ಲಿ ಬಂದಿದ್ದು 2016ರಲ್ಲಿ.

ಇರಲಿ, ಮತ್ತೆ ರೇಸಿಗೆ ಬರೋಣ. ಹಳೇ ಕಂಪನಿಯ ಷೇರು ಕೈಗೆ ಸಿಗದೆ ಹೊಸಬರು ಆಸ್ತಿ ಮಾತ್ರ ಕೊಂಡಿದ್ದರಿಂದ, ಅದುವರೆಗೆ ಗಳಿಸಿದ್ದ 59 ಅಂಕ ತಂಡದ ಖಾತೆಯಿಂದ ಅಳಿಸಿಹೋಯಿತು. ಸೊನ್ನೆಯಿಂದ ಶುರು. ಮೊದಲ ರೇಸ್ ಎಲ್ಲಿ? ಅದೇ ಸ್ಪಾದಲ್ಲಿ. ಮಳೆಯಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಎಸ್ತೆಬಾನ್ ಒಕಾನ್ ಮೂರನೆಯವರು, ಪೆರೆಜ್ ನಾಲ್ಕನೆಯವರು. ರೇಸಿನಲ್ಲಿ ಪೆರೆಜ್ ಐದು, ಒಕಾನ್ ಆರು. ಒಂದೇ ಮಧ್ಯಾಹ್ನ 18 ಅಂಕ. ವರ್ಷದ ಕೊನೆಗೆ ಏಳನೇ ಸ್ಥಾನ.

ಮಾಲೀಕರ ಮಗ ಲ್ಯಾನ್ಸ್ ಸ್ಟ್ರೋಲ್ 2019ರಲ್ಲಿ ತಂಡ ಸೇರಿದರು, ಒಕಾನ್ ಸೀಟು ಹೋಯಿತು. 2020ರ ಸೆಪ್ಟೆಂಬರ್‌ನಲ್ಲಿ ಪೆರೆಜ್ ಸರದಿ. ಒಪ್ಪಂದ 2022ರವರೆಗೆ ಇದ್ದರೂ ಅವರನ್ನು ಬಿಟ್ಟು ಸೆಬಾಸ್ಟಿಯನ್ ವೆಟೆಲ್ ಅವರನ್ನು ಕರೆತರುವುದಾಗಿ ತಂಡ ಹೇಳಿತು. ಡಿಸೆಂಬರ್ 6ರಂದು ಬಹ್ರೇನಿನಲ್ಲಿ ಸಖೀರ್ ಗ್ರ್ಯಾನ್ ಪ್ರೀ. ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಪೆರೆಜ್ ಎಲ್ಲರಿಗಿಂತ ಹಿಂದೆ ಬಿದ್ದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ರೇಸ್ ಗೆದ್ದರು. ಅವರ ಬದುಕಿನ ಮೊದಲ ಗೆಲುವು ಅದು. ಎರಡನೆಯವರಾಗಿ ಬಂದದ್ದು ಒಕಾನ್, ಮೂರನೆಯವರು ಲ್ಯಾನ್ಸ್ ಸ್ಟ್ರೋಲ್. ಮುಂದಿನ ವರ್ಷ ಪೆರೆಜ್ ರೆಡ್ ಬುಲ್ ಕಾರಿನಲ್ಲಿದ್ದರು. ಸಿಲ್ವರ್‌ಸ್ಟೋನ್ ಕಾರ್ಖಾನೆಯ ಮೇಲೆ ಮತ್ತೊಂದು ಬೋರ್ಡ್ ಬಂದಿತ್ತು, ಆಸ್ಟನ್ ಮಾರ್ಟಿನ್ ಅಂತ.