ಕಾರಿನೊಳಗೆ ಹಾಡು ಬಂದ ಬಗೆ

ತುಮಕೂರಿನಲ್ಲಿರುವ ನಮ್ಮ ಸೋದರಮಾವನ ಬಳಿ ಹದಿಮೂರು ವರ್ಷ ಹಳೆಯ ಪುಟ್ಟ ಕಾರೊಂದಿದೆ. ಅದರ ಸಿ.ಡಿ. ಸ್ಟೀರಿಯೊ ಕೆಟ್ಟು ಎರಡು ವರ್ಷವಾಯಿತು. ಕಳೆದ ತಿಂಗಳು ಬೆಂಗಳೂರಿಗೆ ಬಂದಾಗ, "ಆರು ಸಾವಿರಕ್ಕೆ ಟಚ್‌ಸ್ಕ್ರೀನ್ ಸಿಗುತ್ತಂತೆ ಕಣೋ. ನೀನು ಪತ್ರಿಕೆಯವನು, ವಿಚಾರಿಸಿ ಹೇಳು, ತಗೊಳ್ಳಬಹುದಾ?" ಎಂದರು. ಹಾಡು ಕೇಳುವ ಹುಚ್ಚಿಗಲ್ಲ. ಕತ್ತು ನೋವಿನಿಂದಾಗಿ ಅವರಿಗೆ ಪೂರ್ತಿ ಹಿಂದಿರುಗಿ ನೋಡಲಾಗುವುದಿಲ್ಲ. ಮನೆಯಂಗಳದಲ್ಲಿ ಎರಡು ವರ್ಷದ ಮೊಮ್ಮಗಳು ಓಡಾಡಿಕೊಂಡಿರುತ್ತಾಳೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾದ ಚಿತ್ರ ತೋರಿಸುವ ಪರದೆಯೊಂದು ಅವರಿಗೆ ಬೇಕಾಗಿತ್ತು.

ಬೆಲೆ ವಿಚಾರಿಸಲು ಹೊರಟ ನನಗೆ ಸಿಕ್ಕಿದ್ದು ತೊಂಬತ್ತು ವರ್ಷಕ್ಕೂ ಮೀರಿದ ಚರಿತ್ರೆ.

ಷಿಕಾಗೊ ನಗರದ ಪಾಲ್ ಗ್ಯಾಲ್ವಿನ್ 1930ರಲ್ಲಿ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೊ ಜೋಡಿಸಿಕೊಂಡು ಅಟ್ಲಾಂಟಿಕ್ ಸಿಟಿಗೆ ಹೊರಟ. ಅಲ್ಲಿ ರೇಡಿಯೊ ತಯಾರಕರ ಸಮಾವೇಶ ನಡೆದಿತ್ತು. ಒಳಗೆ ಮಳಿಗೆ ಹಾಕುವಷ್ಟು ಹಣವಿಲ್ಲದೆ ಕಾರನ್ನು ಹೊರಗೇ ನಿಲ್ಲಿಸಿ ಜೋರಾಗಿ ಹಾಡು ಹಾಕಿದ. ಮೋಟಾರು ಎಂಬ ಪದಕ್ಕೆ ಆ ಕಾಲದ ಗ್ರಾಮಫೋನುಗಳ ಹೆಸರಿನ ಬಾಲ ಅಂಟಿಸಿ ಆ ರೇಡಿಯೊಗೆ ಇಟ್ಟ ಹೆಸರು ಮೋಟೊರೋಲ. ಮುಂದೆ ಕಂಪನಿಯ ಹೆಸರೂ ಅದೇ ಆಯಿತು.

ಸೆಟ್ಟಿನ ಬೆಲೆ ನೂರು ಡಾಲರಿಗೂ ಮೇಲೆ. ಹೊಸ ಫೋರ್ಡ್ ಕಾರೇ ಐನೂರು ಚಿಲ್ಲರೆ ಡಾಲರಿಗೆ ಸಿಗುತ್ತಿದ್ದ ಕಾಲ ಅದು. ಆದರೆ ನಿಜವಾದ ಕಷ್ಟವಿದ್ದದ್ದು ಜೋಡಣೆಯಲ್ಲಿ. ಅಂದಿನ ರೇಡಿಯೊಗಳ ವಾಲ್ವುಗಳಿಗೆ ಹೆಚ್ಚು ವೋಲ್ಟೇಜು ಬೇಕು, ಕಾರಿನ ಬ್ಯಾಟರಿ ಕೊಡುತ್ತಿದ್ದುದು ಬರೀ 6 ವೋಲ್ಟ್. ಹಾಗಾಗಿ ಕಾರಿನ ನೆಲ ಕೊರೆದು ಬೇರೆ ಬ್ಯಾಟರಿಗಳನ್ನು ಕೂರಿಸಬೇಕಿತ್ತು, ಛಾವಣಿಯ ಬಟ್ಟೆ ಬಿಚ್ಚಿ ಆಂಟೆನಾ ಹರಡಬೇಕಿತ್ತು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಕಿಡಿ ರೇಡಿಯೊದಲ್ಲಿ ಚಟಪಟ ಸದ್ದು ಮಾಡುತ್ತಿದ್ದುದರಿಂದ ಅದನ್ನು ಅಡಗಿಸಲು ಬೇರೆಯೇ ಬಿಡಿಭಾಗ. ಗ್ಯಾಲ್ವಿನ್ ಸಾಲ ಕೇಳಲು ಹೋದ ಬ್ಯಾಂಕರೊಬ್ಬರ ಪ್ಯಾಕಾರ್ಡ್ ಕಾರಿಗೆ ಮಾದರಿಗಾಗಿ ರೇಡಿಯೊ ಕೂರಿಸಿಕೊಟ್ಟನೆಂದೂ ಅರ್ಧ ಗಂಟೆಯಲ್ಲಿ ಆ ಕಾರಿಗೆ ಬೆಂಕಿ ಹತ್ತಿತೆಂದೂ ಕಥೆಯಿದೆ. ಸಾಲ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ ಈ ಸುಖ ಬಹುಕಾಲ ಉಳ್ಳವರದಾಗಿತ್ತು. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ ದಿನಗಳವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದವರು ಕಾರು ಕೊಂಡು, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕ್ಯಾಸೆಟ್ ಪ್ಲೇಯರ್ ಹಾಕಿಸುವುದು ರೂಢಿಯಾಯಿತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಬಾನುಲಿ ಬೆಂಗಳೂರಿನಲ್ಲೇ ಶುರುವಾದಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಒಂದು ಜೊತೆ ಸಿಕ್ಕಂತಾಯಿತು.

ಯಾವುದೋ ದೇಶದ ಪೆಟ್ಟಿಗೆ ಯಾವುದೋ ಕಾರಿನಲ್ಲಿ ಕೂರುವುದು ಹೇಗೆ? ಇದಕ್ಕೆ ಜರ್ಮನಿಯ ಮಾನಕ ಸಂಸ್ಥೆಗೆ ಋಣಿಯಾಗಿರಬೇಕು. ರೇಡಿಯೊ ಕೂರಿಸುವ ಕಿಂಡಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಇರಬೇಕೆಂದು ಅದು ಗೊತ್ತುಮಾಡಿತು. ಎತ್ತರ ಇಮ್ಮಡಿಯಾದರೆ ಅದೇ ಇಂದಿನ 'ಡಬಲ್ ಡಿನ್'. ಅಗ್ಗದ ಟಚ್‌ಸ್ಕ್ರೀನ್ ಮಾರುಕಟ್ಟೆ ಬೆಳೆದದ್ದು ಈ ಕಿಂಡಿಯನ್ನೇ ನಂಬಿ. ಹೊಸ ಕಾರುಗಳಲ್ಲಿ ಪರದೆ ಡ್ಯಾಶ್‌ಬೋರ್ಡಿನೊಳಗೇ ಬೆಸೆದುಕೊಂಡಿರುವುದು ಹೆಚ್ಚು. ಇಂಥದ್ದೇ ಬೇಕೆಂದು ಆರಿಸುವ ಹಕ್ಕು ಈಗ ಹೆಚ್ಚಾಗಿ ಉಳಿದಿರುವುದು ಮಾವನಂಥ ಹಳೇ ಕಾರಿನವರಿಗೆ. ಇದು ಅವರಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ, ನನಗಂತೂ ಕೊಟ್ಟಿತು.

ಮುಟ್ಟುವ ಪರದೆಯೂ ಹೊಸತಲ್ಲ. ಅಮೆರಿಕದ ಬ್ಯೂಕ್ ಕಂಪನಿ 1986ರಲ್ಲೇ ತನ್ನ ರಿವಿಯೆರಾ ಕಾರಿನಲ್ಲಿ, ಹಳೇ ಟೀವಿಯಂಥ ಪುಟ್ಟ ಪಿಕ್ಚರ್ ಟ್ಯೂಬಿನ ಮೇಲೆ, ಅದನ್ನು ತಂದಿತ್ತು. ರೇಡಿಯೊದ ಸದ್ದು ತಗ್ಗಿಸಲೂ ರಸ್ತೆಯಿಂದ ಕಣ್ಣು ಕೀಳಬೇಕೆಂದು ಜನ ಗೊಣಗಿದರು. ನಾಲ್ಕು ವರ್ಷದಲ್ಲಿ ಕಂಪನಿ ಗುಂಡಿಗಳಿಗೇ ಮರಳಿತು. 2022ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ನಾಲ್ಕು ಚಿಕ್ಕ ಕೆಲಸಗಳ ಪರೀಕ್ಷೆ ನಡೆಸಿತು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ ಅವು ಹತ್ತು ಸೆಕೆಂಡಿನಲ್ಲಿ ಮುಗಿದವು. ಪರದೆಯೇ ಪ್ರಧಾನವಾದ ಹೊಸ ಕಾರೊಂದಕ್ಕೆ ಸುಮಾರು 45 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಕಾರು ಒಂದೂಕಾಲು ಕಿಲೋಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ!

ಅಗ್ಗದ ಪೆಟ್ಟಿಗೆಗಳ ಮೇಲೆ ಬರೆದಿರುವ ಅಂಕಿಗಳದೇ ಒಂದು ತಮಾಷೆ. '60 ವ್ಯಾಟ್ × 4' ಎಂದಿರುತ್ತದೆ. ಸೆಟ್ಟಿನ ಹಿಂಬದಿಯ ಫ್ಯೂಸನ್ನು ನೋಡಿ. ಅದು 10 ಆಂಪಿಯರಿನದಾದರೆ, ಎಂಜಿನ್ ಓಡುವಾಗಿನ 14 ವೋಲ್ಟಿನಿಂದ ಗುಣಿಸಿದರೆ ಸತತವಾಗಿ ಒಳಗೆ ಹೋಗಬಲ್ಲದ್ದು ಸುಮಾರು 140 ವ್ಯಾಟ್. ಹೊರಗೆ ಬರುವ 240 ಎಲ್ಲಿಯದು? ಸಾಮಾನ್ಯ 4 ಓಮ್ ಸ್ಪೀಕರಿಗೆ ಇಂಥ ಸೆಟ್ಟಿನಿಂದ ತಲಾ ಇಪ್ಪತ್ತು ವ್ಯಾಟ್ ಬಂದರೆ ಅದೇ ಹೆಚ್ಚು. ಮನೆಮಂದಿಗೆ ಅಷ್ಟು ಧಾರಾಳವಾಗಿ ಸಾಕು ಎನ್ನುವುದು ಬೇರೆ ಮಾತು.

ತಂತಿಯ ವಿಷಯದಲ್ಲಿ ಗ್ಯಾಲ್ವಿನ್ನನ ಕಾಲದ ಕಷ್ಟ ಪೂರ್ತಿ ಹೋಗಿಲ್ಲ. ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಗೆ ನೇರ, ಕೆಂಪು ತಂತಿ ಕೀಲಿಯ ಮೂಲಕ. ಎರಡನ್ನೂ ಹೆಣೆದು ನೇರ ಬ್ಯಾಟರಿಗೆ ಕೊಟ್ಟುಬಿಟ್ಟರೆ ಕಾರು ನಿಂತಾಗಲೂ ಸೆಟ್ಟು ಕರೆಂಟು ಕುಡಿಯುತ್ತಿರುತ್ತದೆ. ಕೆಲವು ದಿನ ಬಿಟ್ಟು ಹೊರಟರೆ ಬ್ಯಾಟರಿ ಖಾಲಿ. ಕಾರಿನ ತಂತಿ ಕತ್ತರಿಸದೆ ಅದರದೇ ಕಪ್ಲರ್ ಹಾಕಿಸುವುದೇ ಸರಿ. ಅದಕ್ಕೂ ಕ್ಯಾಮೆರಾಕ್ಕೂ ಕೂಲಿಗೂ ಕೊಡುವ ಹಣ ಆ ಆರು ಸಾವಿರದಲ್ಲಿ ಸೇರಿಲ್ಲ.

ಕಳೆದ ಶನಿವಾರ ಮಾವನನ್ನು ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಕರೆದೊಯ್ದೆ. "ಮಾವ, ಹಾಡು ಕೇಳಬೇಡಿ. ಸೆಟ್ಟಿಗೆ ಕರೆಂಟು ಕೊಟ್ಟ ತಕ್ಷಣ ಕ್ಯಾಮೆರಾ ಹಾಕಿಸಿ, ಚಿತ್ರ ಬರುವವರೆಗೆ ಎಣಿಸಿ" ಎಂದೆ. ಅಂಗಡಿಯವನು, "ಇದೆಲ್ಲ ಯಾರೂ ನೋಡಲ್ಲ ಸಾರ್" ಎಂದು ನಕ್ಕ. ಆರು ಸಾವಿರದ ಸೆಟ್ಟಿನಲ್ಲಿ ಕಂಪನಿಯ ಚಿಹ್ನೆ ಗಿರಗಿರನೆ ತಿರುಗಿ ಚಿತ್ರ ಮೂಡುವಷ್ಟರಲ್ಲಿ ಮಾವ ಇಪ್ಪತ್ಮೂರು ಎಣಿಸಿದ್ದರು. ಅಷ್ಟರಲ್ಲಿ ಅವರು ಮನೆಯಂಗಳ ದಾಟಿ ರಸ್ತೆಗೆ ಬಂದಿರುತ್ತಾರೆ. ಪಕ್ಕದಲ್ಲಿ ಸದ್ದಿಗೆಂದೇ ತಿರುಗಿಸುವ ಗುಂಡಿಯಿದ್ದ ಇನ್ನೊಂದಿತ್ತು, ಮೂರು ಸಾವಿರ ಹೆಚ್ಚು. ಅದರಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಚಿತ್ರ ಬಂತು. ಮಾವ ಮತ್ತೊಮ್ಮೆ ಹಾಕಿಸಿ ಮತ್ತೆ ಎಣಿಸಿದರು. ಆಮೇಲೆ ಜೇಬಿನಿಂದ ಹಣ ತೆಗೆಯುತ್ತ, ಕಪ್ಲರಿಗೆ ಎಷ್ಟು ಎಂದು ಕೇಳಿದರು.